ಬೀಜದಿಂದ ಸೇಜ್ ಬೆಳೆಸಿದವರು ಇದ್ದೀರಾ? ಸ್ವಲ್ಪ ಹೇಳಿ

ಬೆಂಗಳೂರು, ಮೂರನೇ ಮಹಡಿಯ ಬಾಲ್ಕನಿ. ಜುಲೈನಲ್ಲಿ ಸೇಜ್ (ಅಡುಗೆಗೆ ಹಾಕುವ ಘಮದ ಎಲೆಯ ಗಿಡ) ಬೀಜ ಹಾಕಿದ್ದೆ. ಬಂದಿದ್ದೇ ಕೆಲವು ಮೊಳಕೆ, ಅವೂ ಬುಡದಲ್ಲೇ ಬಾಗಿ ಮಲಗಿದವು. ಬೀಜ ಸರಿ ಇಲ್ವಾ, ತಿಂಗಳು ತಪ್ಪಾ? ಬೆಳೆಸಿ ಗೊತ್ತಿರುವವರು ತಿಳಿಸಿ.

ಬಸವನಗುಡಿಯಿಂದ
ಬೀಜ ಮೊಳೆತಿದೆ ಅಂದ ಮೇಲೆ ಅದನ್ನು ಬೈಯಬೇಡಿ. ಸತ್ತ ಸಸಿಯನ್ನು ಹತ್ತಿರದಿಂದ ನೋಡಿ. ಎಲೆ ಇನ್ನೂ ಹಸಿರಾಗಿದ್ದು, ಮಣ್ಣಿಗೆ ತಾಗುವ ಜಾಗದಲ್ಲಿ ಮಾತ್ರ ಕಾಂಡ ದಾರದ ಹಾಗೆ ಸೊರಗಿ ಕಂದಾಗಿದೆಯಾ? ಹಾಗಿದ್ದರೆ ಅದು ಬುಡ ಕೊಳೆಯುವ ರೋಗ. ಮಣ್ಣು ಸದಾ ಹಸಿ, ಗಾಳಿ ಆಡುವುದಿಲ್ಲ ಅಂದರೆ ಬಂದೇ ಬರುತ್ತದೆ. ಸೇಜ್ ಮೆಡಿಟರೇನಿಯನ್ ಕಡೆಯ ಒಣ ಕಲ್ಲುಗುಡ್ಡದ ಗಿಡ, ನಮ್ಮ ಜುಲೈ ಅದಕ್ಕೆ ಆಗಿಬರುವುದಿಲ್ಲ.

ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆ ಅಥವಾ ನವೆಂಬರಿನಲ್ಲಿ ಹಾಕಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದನ್ನೇ ಬಳಸಿದರೆ ನೀರು ಹಿಡಿದುಕೊಂಡು ಕೂರುತ್ತದೆ, ಅದಕ್ಕೆ ಸಮಪಾಲು ದಪ್ಪ ಮರಳೋ, ಪರ್ಲೈಟ್ ಅನ್ನುವ ಹಗುರ ಬಿಳಿ ಹರಳೋ ಬೆರೆಸಿ. ಬೀಜ ಕಾಲು ಇಂಚು ಆಳಕ್ಕಿಂತ ಕೆಳಗೆ ಹೋಗಬಾರದು. ಮೇಲಿಂದ ನೀರು ಸುರಿಯಬೇಡಿ. ಟ್ರೇನಲ್ಲಿ ನೀರು ಹಾಕಿ ಕುಂಡ ಇಡಿ, ಮೇಲ್ಮಣ್ಣು ತೇವವಾದ ತಕ್ಷಣ ಎತ್ತಿಬಿಡಿ. 20 ಡಿಗ್ರಿ ಆಸುಪಾಸಿನಲ್ಲಿ ಮೊಳಕೆಗೆ 10ರಿಂದ 21 ದಿನ ಬೇಕು, ಎಲ್ಲವೂ ಒಟ್ಟಿಗೆ ಬರುವುದಿಲ್ಲ. ವಾರಕ್ಕೇ ಮಣ್ಣು ಕೆದಕಿ ನೋಡುವವರು ನಮ್ಮ ಮನೆಯಲ್ಲೂ ಇದ್ದಾರೆ! ಪ್ಲಾಸ್ಟಿಕ್ ಮುಚ್ಚಿದ್ದರೆ ಮೊದಲ ಮೊಳಕೆ ಕಂಡ ದಿನವೇ ತೆಗೆಯಿರಿ.

ಮೈಸೂರಿನಿಂದ
ಪೊಟ್ಟಣದ ಮೇಲೆ ಏನಿದೆ ಓದಿದಿರಾ? 'ಸಾಲ್ವಿಯಾ ಅಫಿಸಿನಾಲಿಸ್' ಅಂತಿರಬೇಕು, ಅದೇ ಸೇಜ್‌ನ ವೈಜ್ಞಾನಿಕ ಹೆಸರು. ಸುಮ್ನೆ 'ಸಾಲ್ವಿಯಾ' ಅಂತ ಮಾರುವುದು ಹೆಚ್ಚಾಗಿ ಪಾರ್ಕುಗಳಲ್ಲಿ ಸಾಲು ಸಾಲಾಗಿ ಇಡುವ ಕೆಂಪು ಹೂವಿನ ಗಿಡ. ಅಡುಗೆಗೆ ಬರುವುದಿಲ್ಲ. ನನಗೆ ಒಂದು ಅಂಗಡಿಯಲ್ಲಿ ಅದನ್ನೇ ಕೊಟ್ಟಿದ್ದರು. ಮೊದಲೆರಡು ಎಲೆಯಲ್ಲಿ ಏನೂ ತಿಳಿಯುವುದಿಲ್ಲ. ಆಮೇಲಿನ ಜೋಡಿ ಬೂದು ಹಸಿರಾಗಿ, ಮೇಲೆ ಸಣ್ಣ ಸಣ್ಣ ಗುಬುಟು ಇದ್ದು, ಉಜ್ಜಿದರೆ ಕರ್ಪೂರದ ಕಡೆಗೆ ಹೋಗುವ ವಾಸನೆ ಬಂದರೆ ಅದು ಸೇಜ್. ಪ್ಯಾಕ್ ಮಾಡಿದ ತಾರೀಕನ್ನೂ ನೋಡಿ, ಹಳೇ ಬೀಜ ಸರಿಯಾಗಿ ಮೊಳೆಯುವುದಿಲ್ಲ.

ಮಂಗಳೂರಿನಿಂದ
ನೀವು ಬೆಂಗಳೂರಿನವರೇ ಪುಣ್ಯವಂತರು. ಇಲ್ಲಿ ಮೊಳಕೆ ಬರಿಸುವುದು ಸುಲಭ, ಆಟಿ ತಿಂಗಳು (ಜುಲೈ-ಆಗಸ್ಟಿನ ಜೋರು ಮಳೆಗಾಲ) ದಾಟಿಸುವುದೇ ಕಷ್ಟ. ಮಣ್ಣಿನ ಕುಂಡ, ಅಡಿಯಲ್ಲಿ ದೊಡ್ಡ ತೂತು, ಕೆಳಗೆ ಎರಡು ಇಟ್ಟಿಗೆ. ಜೂನ್ ಬರುವ ಮೊದಲೇ ಮಳೆ ಬೀಳದ, ಆದರೆ ಬೆಳಕಿರುವ ಸೂರಿನಡಿಗೆ ಸಾಗಿಸುತ್ತೇನೆ. ಒಳಗಿನ ಒತ್ತೊತ್ತು ಎಲೆ ತೆಗೆದು ಗಾಳಿ ಆಡಲು ಬಿಡಬೇಕು. ಬೆರಳು ಒಂದಿಂಚು ಒಳಗಿಟ್ಟಾಗ ಒಣಗಿದೆ ಅನಿಸಿದರೆ ಮಾತ್ರ ನೀರು. ಎಲೆ ಬಾಡಿದ ಹಾಗೆ ಕಂಡ ತಕ್ಷಣ ಚೊಂಬು ಹಿಡಿದು ಓಡಬೇಡಿ, ಬೇರು ಕೊಳೆತರೂ ಹಾಗೇ ಬಾಡುತ್ತದೆ.

ಇಂಗ್ಲೆಂಡಿನಿಂದ
ಇಲ್ಲೂ ಅದೇ ಕಥೆ. ಹಿಮ ಬಿದ್ದರೂ ಬದುಕುತ್ತದೆ, ಚಳಿಗಾಲದಲ್ಲಿ ಬೇರು ನೀರಲ್ಲಿ ನಿಂತರೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಕಿಟಕಿ ಹತ್ತಿರ ಬಿತ್ತುತ್ತೇವೆ.

ಧಾರವಾಡದಿಂದ
ಎಲ್ಲರೂ ಬೀಜ ಬೀಜ ಅಂತಿದ್ದೀರಿ. ಒಂದು ಗಿಡ ಎದ್ದು ನಿಂತರೆ ಮತ್ತೆ ಬಿತ್ತುವ ಗೋಜೇ ಬೇಡ ಅಲ್ವಾ? ಹೂವಿಲ್ಲದ ಎಳೆ ತುದಿಯನ್ನು ನಾಲ್ಕು ಇಂಚು ಕತ್ತರಿಸಿ, ಕೆಳಗಿನ ಎಲೆ ತೆಗೆದು ಮರಳು ಬೆರೆಸಿದ ಮಣ್ಣಿಗೆ ಚುಚ್ಚಿ. ನಾಲ್ಕರಿಂದ ಆರು ವಾರದಲ್ಲಿ ಬೇರು ಬಿಡುತ್ತದೆ. ಎಲೆಯಲ್ಲಿ ಬಿಳಿ, ನೇರಳೆ, ಹಸಿರು ಮೂರೂ ಇರುವ ಜಾತಿ ಬೇಕಿದ್ದರಂತೂ ಕಡ್ಡಿಯೇ ಗತಿ, ಬೀಜದಿಂದ ಆ ಬಣ್ಣ ಬರುವುದಿಲ್ಲ. ಆದರೂ ಮೊದಲ ಗಿಡಕ್ಕೆ ಬೀಜವೇ ಅಗ್ಗ, ಒಪ್ಪುತ್ತೇನೆ.

ಮೊದಲ ವರ್ಷ ಜಾಸ್ತಿ ಕೀಳಬೇಡಿ, ಗಿಡ ಪೊದೆಯಾಗಲಿ. ಆಮೇಲೆ ದೊಡ್ಡ ಎಲೆಗಳನ್ನು ತೆಳು ಕಡ್ಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಕರಿಯಿರಿ. ದೊಡ್ಡಪತ್ರೆ ಬಜ್ಜಿಗಿಂತ ನನಗೆ ಇದೇ ಮೇಲು. ಬಸುರಿಯರು ಮನೆಯಲ್ಲಿದ್ದರೆ ಇದರ ಕಷಾಯ ಮಾತ್ರ ಬೇಡ, ಎಲೆಯಲ್ಲಿ ಥುಜೋನ್ ಅನ್ನುವ ಅಂಶ ಇರುತ್ತದೆ.