ಎರಿ ಮಣ್ಣು ಅಂತ ಪಾಯಕ್ಕ ಮೂರೂವರೆ ಲಕ್ಷ ಹೆಚ್ಚು ಕೇಳಾಕತ್ತಾರ, ಏನ್ ಮಾಡ್ಲಿ?

ಹುಬ್ಬಳ್ಳಿ_ಮನಿ
ನಮಸ್ಕಾರ್ರೀ ಎಲ್ಲಾರಿಗೂ. ಹುಬ್ಬಳ್ಳಿಯೊಳಗ 30×40 ಸೈಟ್‌ನಾಗ ಗ್ರೌಂಡ್ ಪ್ಲಸ್ ಒನ್ ಮನಿ ಶುರು ಮಾಡೀವಿ. ಚದರಡಿ ರೇಟ್‌ಗೆ ಅಗ್ರಿಮೆಂಟ್ ಆಗೇತಿ, ಪಾಯ 5 ಅಡಿ ಅಂತ ಬರದೈತಿ, ಮಣ್ಣಿನ ಬಗ್ಗೆ ಒಂದ್ ಸಾಲೂ ಇಲ್ಲ. ಈಗ 12 ಕಾಲಂ ಗುಂಡಿ ತಗದ್ರ 5 ಅಡಿಗೂ ಕರೇ ಎರಿನ ಐತಿ, ಗರಸು (ಗಟ್ಟಿ ಕಲ್ಲುಮಣ್ಣು) ಸಿಕ್ಕಿಲ್ಲ. ಕಾಂಟ್ರ್ಯಾಕ್ಟರ್ 9 ಅಡಿ ಹೋಗ್ಬೇಕು, ಮೂರೂವರೆ ಲಕ್ಷ ಹೆಚ್ಚು ಕೊಡ್ರಿ ಅಂತಾರ, ಲೆಕ್ಕ ಕೇಳಿದ್ರ ಒಟ್ಟಾರೆ ಅಷ್ಟಾಗ್ತೈತಿ ಅಂತಾರ. ಲೋನ್ ಮ್ಯಾಲೆ ಕಟ್ಟಾಕತ್ತೀವಿ, ರಾತ್ರಿ ನಿದ್ದಿ ಬರವಲ್ದು.

ಸೈಟ್_ಇಂಜಿನಿಯರ್
ಸರ್, ಆಳ ಹೋಗ್ಬೇಕು ಅನ್ನೋದು ಸುಳ್ಳಲ್ಲ. ಎರೆಮಣ್ಣು ನೀರು ಕುಡಿದ್ರೆ ಉಬ್ಬುತ್ತೆ, ಬೇಸಿಗೇಲಿ ಕುಗ್ಗಿ ಬಿರುಕು ಬಿಡುತ್ತೆ, ಅದರ ಮೇಲೆ ಫುಟಿಂಗ್ (ಕಾಲಂ ಕೆಳಗಿನ ಅಗಲವಾದ ಕಾಂಕ್ರೀಟ್ ತಳ) ಕೂರಿಸಬೇಡಿ. ಆದ್ರೆ ದುಡ್ಡಿನ ಲೆಕ್ಕ ಬೇರೆ. ಗುಂಡಿ 5×5 ಅಡಿ ಅಂತ ಹಿಡೀರಿ, 4 ಅಡಿ ಹೆಚ್ಚು ಆಳಕ್ಕೆ 12 ಗುಂಡಿಗೆ 1200 ಘನ ಅಡಿ, ಅಂದ್ರೆ 12 ಬ್ರಾಸ್ ಅಗೆತ (ಒಂದು ಬ್ರಾಸ್ ಅಂದ್ರೆ 100 ಘನ ಅಡಿ). ಕಾಲಂ 9×12 ಇಂಚಾದ್ರೆ ಹೆಚ್ಚುವರಿ ಕಾಂಕ್ರೀಟ್ 36 ಘನ ಅಡಿ, ಸುಮಾರು ಒಂದೇ ಘನ ಮೀಟರ್! ಅದರ ಜೊತೆ ಕಾಲಂ ಕಬ್ಬಿಣ, ಸೆಂಟ್ರಿಂಗ್, ಗರಸು ತುಂಬೋದು. ಗೋಡೆ ಕುಸಿದ್ರೆ ಅಗೆತ ಜಾಸ್ತಿ ಆಗುತ್ತೆ ನಿಜ, ಆದ್ರೂ ಫುಟಿಂಗ್ ಅಳತೆ ಬದಲಾಗದೆ ಮೂರೂವರೆ ಲಕ್ಷ ಹೇಗಾಯ್ತು ಅಂತ ಐಟಂ ಪ್ರಕಾರ ಬರೆಸಿಕೊಳ್ಳಿ, ಟೇಪ್ ಹಿಡಿದು ಅಳೆದಷ್ಟಕ್ಕೆ ಮಾತ್ರ ಕೊಡಿ. ಮೊದಲು ಸಾಯಿಲ್ ಟೆಸ್ಟ್ ಮಾಡ್ಸಿ, ಎಸ್‌ಬಿಸಿ (ಮಣ್ಣು ಎಷ್ಟು ಭಾರ ತಡೆಯುತ್ತೆ ಅನ್ನೋದು) ಜೊತೆ ಫ್ರೀ ಸ್ವೆಲ್ಲೂ (ಎಷ್ಟು ಉಬ್ಬುತ್ತೆ ಅನ್ನೋದು) ಕೇಳಿ. 10 ಗ್ರಾಂ ಮಣ್ಣು ಒಂದು ಜಾರಲ್ಲಿ ನೀರಿಗೆ, ಇನ್ನೊಂದರಲ್ಲಿ ಸೀಮೆಎಣ್ಣೆಗೆ ಹಾಕಿ 24 ಗಂಟೆ ಬಿಡ್ತಾರೆ, ಸೀಮೆಎಣ್ಣೇಲಿ ಮಣ್ಣು ಉಬ್ಬಲ್ಲ, ನೀರಲ್ಲಿ ಎಷ್ಟು ಹೆಚ್ಚು ಏರಿದೆ ಅಂತ ಕಣ್ಣಿಗೇ ಕಾಣುತ್ತೆ.

ಗದಗ_ರೈತ
ನಮ್ಮಪ್ಪ ಎರಿ ಹೊಲದ ಬಾಜೂಕ ಪಾಯ ಮ್ಯಾಲ್ಮ್ಯಾಲ ಹಾಕಿ ಕಟ್ಟಿಸಿದ್ರು. ಮಳಿಗಾಲದಾಗ ಪಡಸಾಲಿ ನೆಲ ಎದ್ದು ಬಾಗಲಾ ಹಾಕಾಕ ಬರ್ತಿದ್ದಿಲ್ಲ, ಬ್ಯಾಸಗ್ಯಾಗ ಗ್ವಾಡಿ ಮೂಲ್ಯಾಗ ಬಟ್ಟು ಹೋಗುವಷ್ಟು ಬಿರುಕು. ಬಚ್ಚಲ ಪೈಪ್ ಸೋರಿ ಆ ಕಡೆ ಮಣ್ಣಷ್ಟ ಉಬ್ಬಿತ್ತು. ರೊಕ್ಕ ಉಳಸಾಕ ಹೋಗಿ ಆಳ ಕಡಿಮಿ ಮಾಡಬ್ಯಾಡ್ರಿ ಅಣ್ಣಾರ, ಗುಂಡಿಗೆ ಅಗದ ಎರಿನ ತಿರಗಿ ತುಂಬಿಸಬ್ಯಾಡ್ರಿ.

ಸೈಟ್_ಇಂಜಿನಿಯರ್
ಇವರ ಮಾತು ಸರಿ. 9 ಅಡಿಗೂ ಗರಸು ಸಿಗದಿದ್ರೆ ಅಂಡರ್ ರೀಮ್ಡ್ ಪೈಲ್ (ಆಳಕ್ಕೆ ಇಳಿಸಿ ಬುಡದಲ್ಲಿ ಗಡ್ಡೆ ಥರ ಅಗಲ ಮಾಡಿದ ಕಾಂಕ್ರೀಟ್ ಕಂಬ) ಬಗ್ಗೆ ಡಿಸೈನರ್‌ನ ಕೇಳಿ, ರೂರ್ಕಿಯ ಸಿಬಿಆರ್‌ಐ (ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ) ಇಂಥ ಮಣ್ಣಿಗೇ ಅಂತ ಬೆಳೆಸಿದ ಪದ್ಧತಿ ಅದು. ಪ್ಲಿಂತ್ ಬೀಮ್ (ನೆಲಮಟ್ಟದಲ್ಲಿ ಕಾಲಂಗಳನ್ನ ಜೋಡಿಸೋ ತೊಲೆ) ಎರೆಮಣ್ಣಿಗೆ ತಾಗಿಸ್ಬಾರ್ದು, ಕೆಳಗೆ ಗ್ಯಾಪ್ ಇರ್ಲಿ. ಇನ್ನೊಂದು, 9 ಅಡಿ ಗುಂಡೀಲಿ ಆಸರೆ ಕೊಡದೆ ಯಾರನ್ನೂ ಇಳಿಸಬೇಡಿ, ಮಳೆ ಬಂದ್ರೆ ಎರೆಮಣ್ಣು ಒಮ್ಮೆಲೇ ಜಾರುತ್ತೆ.

ಹುಬ್ಬಳ್ಳಿ_ಮನಿ
ಭಾಳ ಉಪಕಾರ ಆತ್ರೀ. ಕೆಲಸ ನಿಲ್ಲಿಸೀನಿ, ಗುಂಡಿ ಮ್ಯಾಲೆ ತಾಡಪತ್ರಿ ಹೊಚ್ಚೀವಿ. ನಾಳೆ ಮಣ್ಣು ತಗೊಂಡು ಹೋಗಾಕ ಲ್ಯಾಬ್‌ನವರು ಬರ್ತಾರ. ಕಾಂಟ್ರ್ಯಾಕ್ಟರ್‌ಗೂ ಫೋನ್ ಹಚ್ಚಿದ್ದೆ, ಸಿಟ್ಟಾದ್ರು, ಆದ್ರ ಐಟಂ ಲೆಕ್ಕ ಬರದು ಕೊಡ್ತೀನಿ ಅಂದಾರ. ಬಂದಮ್ಯಾಲೆ ಇಲ್ಲೇ ಹಾಕ್ತೀನಿ, ಒಮ್ಮೆ ನೋಡ್ರಿ ಸರ್.