ಅಪ್‌ಡೇಟ್: ಎನ್‌ಕ್ಲೆಕ್ಸ್ ಡೋಸ್ ಲೆಕ್ಕ ಕೊನೆಗೂ ಕೈಗೆ ಹತ್ತಿತು, ಪಾಸಾದೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್‌ಗೆ ಓದುವಾಗ, ತೂಕ ನೋಡಿ ಕೊಡುವ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಡ್ರಿಪ್ ಲೆಕ್ಕ ಹೇಗೆ ಅಂತ ಕೇಳಿದ್ದೆ, ನೆನಪಿದೆಯಾ? ಪರೀಕ್ಷೆ ಮುಗಿಯಿತು, ಪಾಸಾದೆ! ತುಂಬಾ ಖುಷಿಯಾಗಿದೆ.

ಕೆಲಸಕ್ಕೆ ಬಂದಿದ್ದು, ಪ್ರತಿ ಅಂಕಿಯ ಪಕ್ಕ ಕೆಜಿ, ಎಂಎಲ್, ಗಂಟೆ ಅಂತ ಅಳತೆಯನ್ನೂ ಬರೆದು, ಭಿನ್ನರಾಶಿಯ ಮೇಲೆ ಕೆಳಗೆ ಒಂದೇ ಅಳತೆ ಇದ್ದರೆ ಅದನ್ನು ಹೊಡೆದು ಹಾಕಿ ಅಂದವರ ಸಲಹೆ. ಉದಾಹರಣೆಗೆ ರೋಗಿ 154 ಪೌಂಡ್, ಡೋಸ್ ಗಂಟೆಗೆ ಕೆಜಿಗೆ 18 ಯೂನಿಟ್, 500 ಎಂಎಲ್ ಬ್ಯಾಗಿನಲ್ಲಿ 25,000 ಯೂನಿಟ್ ಅಂತಿಟ್ಟುಕೊಳ್ಳಿ. ಒಂದು ಕೆಜಿಗೆ 2.2 ಪೌಂಡ್, ಹಾಗಾಗಿ ಮೊದಲು 154ನ್ನು 2.2ರಿಂದ ಭಾಗಿಸಿ, 70 ಕೆಜಿ. ಅದಕ್ಕೆ 18 ಗುಣಿಸಿದರೆ ಗಂಟೆಗೆ 1,260 ಯೂನಿಟ್. ಒಂದು ಎಂಎಲ್‌ನಲ್ಲಿ 50 ಯೂನಿಟ್ ಇರೋದರಿಂದ ಡ್ರಿಪ್ ಪಂಪನ್ನು ಗಂಟೆಗೆ 25.2 ಎಂಎಲ್‌ಗೆ ಇಡಬೇಕು. ಅಷ್ಟೇ!

ಸೂತ್ರಗಳ ಚಾರ್ಟ್ ಬಾಯಿಪಾಠ ಮಾಡೋದು ನನಗೆ ಉಪಯೋಗವಾಗಲಿಲ್ಲ. ಕೆಜಿ ಬದಲು ಪೌಂಡ್, ಮಿಲಿಗ್ರಾಂ ಬದಲು ಮೈಕ್ರೋಗ್ರಾಂ ಬಂದರೆ ಸೂತ್ರ ಸುಮ್ನೆ ಕೂರುತ್ತದೆ.

ನನಗೆ ಗೊತ್ತೇ ಇಲ್ಲದ ವಿಷಯ ಒಂದಿತ್ತು. 2023ರ ಏಪ್ರಿಲ್‌ನಿಂದ ಬಂದ ಹೊಸ ಮಾದರಿಯಲ್ಲಿ, ಸರಿಯಾದವನ್ನೆಲ್ಲ ಆರಿಸಿ ಅನ್ನೋ ಪ್ರಶ್ನೆಗೆ ಅರ್ಧ ಸರಿಯಿದ್ದರೂ ಅಂಕ ಸಿಗಬಹುದು. ಮೊದಲು ಒಂದು ತಪ್ಪಿದರೆ ಪೂರ್ತಿ ಹೋಗುತ್ತಿತ್ತು. ಹಾಗಂತ ಎಲ್ಲಾ ಟಿಕ್ ಮಾಡಬೇಡಿ, ತಪ್ಪು ಆಯ್ಕೆಗೆ ಅಂಕ ಕಳೆಯುತ್ತಾರೆ. ಪರದೆ ಮೇಲೇ ಕ್ಯಾಲ್ಕುಲೇಟರ್ ಇರುತ್ತದೆ. ಉತ್ತರವನ್ನು ಎಷ್ಟು ದಶಾಂಶಕ್ಕೆ ಬರೆಯಬೇಕು ಅಂತ ಪ್ರಶ್ನೆಯನ್ನೇ ಸರಿಯಾಗಿ ಓದಿ, ನಡುವೆ ಎಲ್ಲೂ ರೌಂಡ್ ಮಾಡಬೇಡಿ, ಕೊನೆಯಲ್ಲಿ ಮಾತ್ರ.

ಡ್ರಿಪ್ ಲೆಕ್ಕದಲ್ಲಿ ಸಿಕ್ಕಿಕೊಂಡವರು ಇಲ್ಲೇ ಕೇಳಿ, ಬಿಡಿಸಿ ತೋರಿಸುತ್ತೇನೆ.