ಶಾಲೆಯ ಗಂಟೆಯ ಗಡಿಯಾರ ಬೇಸಿಗೆಯಲ್ಲಿ ಹೆಚ್ಚು ಹಿಂದೆ ಬೀಳುತ್ತಿದೆ

ಪ್ರಶ್ನೆ:
ನಮ್ಮೂರ ಶಾಲೆಗೆ ತಾನಾಗಿಯೇ ಬಾರಿಸುವ ಗಂಟೆಯೊಂದನ್ನು ಕಟ್ಟಿಕೊಟ್ಟಿದ್ದೇನೆ. ಅದರಲ್ಲಿ ಸಮಯದ ಲೆಕ್ಕವಿಡುವ ಡಿಎಸ್1307 ಚಿಪ್, ಅದಕ್ಕೆ ಮಿಡಿತ ಕೊಡುವ 32.768 ಕಿಲೋಹರ್ಟ್ಸ್ ಕ್ರಿಸ್ಟಲ್ ಮತ್ತು ಸಿಆರ್2032 ಸೆಲ್ ಇವೆ. ಡಿಸೆಂಬರಿನಲ್ಲಿ ಸುಮಾರು 45 ಸೆಕೆಂಡು ಹಿಂದೆ ಬಿದ್ದ ಗಡಿಯಾರ ಏಪ್ರಿಲ್‌ನಲ್ಲಿ 75 ಸೆಕೆಂಡು ಹಿಂದೆ ಬಿದ್ದಿತು. ಹೊಸ ಸೆಲ್ ಹಾಕಿದರೂ ಹಾಗೆಯೇ ಇದೆ. ಪೆಟ್ಟಿಗೆಯು ತಗಡಿನ ಮಾಡಿನ ಕೆಳಗಿದೆ. ತಪ್ಪು ಎಲ್ಲಿದೆ ಎಂದು ದಯವಿಟ್ಟು ತಿಳಿಸಿ.

ಉತ್ತರ 1:
ಸೆಲ್ಲಿನ ತಪ್ಪಲ್ಲ, ಸರ್. ವಿದ್ಯುತ್ ಹೋದಾಗ ಗಡಿಯಾರ ನಿಲ್ಲದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಈ ಬಗೆಯ ಕ್ರಿಸ್ಟಲ್ ಸುಮಾರು 25 ಡಿಗ್ರಿಯಲ್ಲಿ ಅತಿ ವೇಗವಾಗಿ ಕಂಪಿಸುತ್ತದೆ. ಅಲ್ಲಿಂದ ಬಿಸಿಯೇರಿದರೂ ತಂಪಾದರೂ ನಿಧಾನವಾಗುತ್ತದೆ, ಅದೂ ಅಂತರದ ವರ್ಗಕ್ಕೆ ಅನುಗುಣವಾಗಿ. ಪೆಟ್ಟಿಗೆಯೊಳಗೆ 45 ಡಿಗ್ರಿ ಇದ್ದರೆ ಅಂತರ 20, ಅದರ ವರ್ಗ 400, ಅದನ್ನು ಈ ಬಗೆಯ ಕ್ರಿಸ್ಟಲ್ಲಿನ ಗುಣಾಂಕವಾದ 0.034ರಿಂದ ಗುಣಿಸಿದರೆ 13.6 ಪಿಪಿಎಂ (ಹತ್ತು ಲಕ್ಷದಲ್ಲಿ 13.6 ಭಾಗ), ಎಂದರೆ ದಿನಕ್ಕೆ ಸುಮಾರು 1.2 ಸೆಕೆಂಡು, ತಿಂಗಳಿಗೆ 35. ರಾತ್ರಿಯ ತಂಪನ್ನು ಲೆಕ್ಕಕ್ಕೆ ಹಿಡಿದರೆ ನಿಮ್ಮ 30 ಸೆಕೆಂಡಿನ ಹೆಚ್ಚಳ ಸರಿಯಾಗಿ ಹೊಂದುತ್ತದೆ. ಡಿಸೆಂಬರಿನ 45 ಸೆಕೆಂಡು ಮಾತ್ರ ಬೇರೆ ವಿಷಯ: ಅದು ಸುಮಾರು 17 ಪಿಪಿಎಂ, ಕ್ರಿಸ್ಟಲ್ಲಿನದೇ ಸಹಜ ವ್ಯತ್ಯಾಸವಿರಬಹುದು. ಆದರೂ ಅದು 12.5 ಪಿಕೋಫ್ಯಾರಡ್ ಲೋಡಿಗೆ (ಚಿಪ್ ಅದರ ಮೇಲೆ ಹೇರುವ ಕೆಪಾಸಿಟೆನ್ಸಿಗೆ) ತಯಾರಾದದ್ದೇ ಎಂದು ಒಮ್ಮೆ ನೋಡಿ.

ಉತ್ತರ 2:
ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ. ಅಳೆಯುವಾಗ ಕ್ರಿಸ್ಟಲ್ಲಿನ ಕಾಲುಗಳಿಗೆ ಪ್ರೋಬ್ ತಾಗಿಸಬೇಡಿ. ಪ್ರೋಬಿನ ಕೆಪಾಸಿಟೆನ್ಸ್ ಸೇರಿ ಆವರ್ತನವೇ ಬದಲಾಗುತ್ತದೆ. ಚಿಪ್ಪಿನ ಚೌಕ ತರಂಗದ ಪಿನ್ನಿನಿಂದ 1 ಹರ್ಟ್ಸ್ ಹೊರತೆಗೆದು ಜಿಪಿಎಸ್ ಮಾಡ್ಯೂಲಿನ ಸೆಕೆಂಡಿನ ಮಿಡಿತದೊಂದಿಗೆ ಹೋಲಿಸಿ. ಕ್ರಿಸ್ಟಲ್ ಸುತ್ತ ಉಳಿದ ಬೆಸುಗೆಯ ಫ್ಲಕ್ಸ್ ಅನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆಯಿರಿ, ಮಳೆಗಾಲದ ತೇವದಲ್ಲಿ ಅದರ ಮೂಲಕ ವಿದ್ಯುತ್ ಸೋರುತ್ತದೆ.

ಉತ್ತರ 3:
ತಗಡಿನ ಮಾಡಿನ ಕೆಳಗೆ ಡಿಎಸ್1307ರ ಬದಲು ಡಿಎಸ್3231 ಎಂಬ ಗಡಿಯಾರದ ಚಿಪ್ ಹಾಕುವುದೇ ಸರಿಯೆಂದು ನನ್ನ ಖಚಿತ ಅಭಿಪ್ರಾಯ. ಕ್ರಿಸ್ಟಲ್ ಅದರೊಳಗೇ ಇದ್ದು, 64 ಸೆಕೆಂಡಿಗೊಮ್ಮೆ ಉಷ್ಣತೆಯನ್ನು ಅಳೆದು ಚಿಪ್ಪೇ ಸರಿಪಡಿಸಿಕೊಳ್ಳುತ್ತದೆ. 0ಯಿಂದ 40 ಡಿಗ್ರಿಯವರೆಗೆ ದೋಷ 2 ಪಿಪಿಎಂ ಮೀರುವುದಿಲ್ಲ, ಎಂದರೆ ವರ್ಷಕ್ಕೆ ಸುಮಾರು ಒಂದು ನಿಮಿಷ. ಆದರೆ ಅಗ್ಗದ ಮಾಡ್ಯೂಲುಗಳ ಬಗ್ಗೆ ಎಚ್ಚರವಿರಲಿ: ಹಲವುಗಳಲ್ಲಿ ಡಯೋಡ್ ಮತ್ತು 200 ಓಮ್ ರೆಸಿಸ್ಟರಿನ ಮೂಲಕ ಸೆಲ್ಲಿಗೆ ಚಾರ್ಜ್ ಹರಿಯುತ್ತದೆ. ಸಿಆರ್2032 ಚಾರ್ಜ್ ಮಾಡುವ ಸೆಲ್ ಅಲ್ಲ. ಅದು ಉಬ್ಬಬಹುದು, ಸೋರಬಹುದು. ಮಕ್ಕಳಿರುವ ಜಾಗವಾದ್ದರಿಂದ ಆ ರೆಸಿಸ್ಟರನ್ನು ಬಿಚ್ಚಿ ತೆಗೆದ ಮೇಲೆಯೇ ಸೆಲ್ ಹಾಕಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಗಂಟೆಯ ವೇಳಾಪಟ್ಟಿಯನ್ನು ಡಿಎಸ್1307ರ 56 ಬೈಟ್ ನೆನಪಿನಲ್ಲಿ ಇಟ್ಟಿದ್ದೇನೆ. ಹೊಸ ಚಿಪ್ಪಿನಲ್ಲಿ ಅದು ಉಳಿಯುವುದೇ?

ಉತ್ತರ 3:
ಡಿಎಸ್3231ರಲ್ಲಿ ಆ ನೆನಪು ಇಲ್ಲ. ವೇಳಾಪಟ್ಟಿಯನ್ನು ಮೈಕ್ರೊಕಂಟ್ರೋಲರಿನ ಈಪ್ರಾಮಿಗೆ (ವಿದ್ಯುತ್ ಹೋದರೂ ಅಳಿಯದ ನೆನಪಿಗೆ) ಸಾಗಿಸಿ. ಚಿಪ್ಪಿನ ವಿಳಾಸವೂ ಸಮಯದ ರಿಜಿಸ್ಟರುಗಳ (ಚಿಪ್ಪಿನೊಳಗಿನ ಪುಟ್ಟ ನೆನಪಿನ ಕೋಶಗಳ) ಜಾಗವೂ ಎರಡರಲ್ಲಿ ಒಂದೇ ಆಗಿರುವುದರಿಂದ ಪ್ರೋಗ್ರಾಮಿನಲ್ಲಿ ಸಮಯ ಓದುವ ಭಾಗವನ್ನು ಬದಲಿಸಬೇಕಿಲ್ಲ. ಗಡಿಯಾರ ನಡುವೆ ನಿಂತಿತ್ತೇ ಎಂಬುದನ್ನು ಮಾತ್ರ ಇನ್ನು ಸ್ಥಿತಿ ರಿಜಿಸ್ಟರಿನ (0ಯಿಂದ ಎಣಿಸಿದರೆ) ಏಳನೆಯ ಬಿಟ್ಟಿನಲ್ಲಿ ನೋಡಬೇಕು.